‘ನಿಲ್’ ಎಂದು ಟೈಪ್ ಮಾಡಿದ ಕೈ ಬರೆದ ಪತ್ರ

ನಿರ್ದೇಶಕರು,
ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಕರ್ನಾಟಕ — ಇವರಿಗೆ,
ಜೊತೆಗೆ, ಕಪ್ಪು ಟ್ರಂಕನ್ನು ಅಟ್ಟದ ಮೇಲಿಟ್ಟು ಮರೆತಿರುವ ನನ್ನ ಹಳೆಯ ಸಂಗಾತಿಗಳಿಗೂ.

ಮಾನ್ಯರೇ,

ಸೈನ್ಯದಲ್ಲಿ ನಾನು ಗುಂಡು ಹಾರಿಸಿದ್ದು ಕಡಿಮೆ, ಟೈಪ್ ಮಾಡಿದ್ದು ಜಾಸ್ತಿ. ಹವಾಲ್ದಾರ್ ಕ್ಲರ್ಕ್ ಆಗಿ ನಿವೃತ್ತನಾಗಿ ಈಗ ಸೋಮವಾರಪೇಟೆ ಕಡೆ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು ನೋಡಿಕೊಂಡಿದ್ದೇನೆ. ಊರಿನವರು ನನ್ನನ್ನು ‘ಕಾಗದದ ಮಿಲ್ಟ್ರಿ’ ಅನ್ನುತ್ತಾರೆ. ಸೈನಿಕರ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ಪಾಸ್‌ವರ್ಡ್ ಮರೆತವರು, ಪಿಪಿಒದಲ್ಲಿ, ಅಂದರೆ ಪಿಂಚಣಿ ಆದೇಶ ಪತ್ರದಲ್ಲಿ, ಹೆಂಡತಿಯ ಹೆಸರು ತಪ್ಪಾಗಿ ಬಂದವರು, ಎಲ್ಲರೂ ನಮ್ಮ ಮನೆ ಜಗಲಿಗೆ ಬರುತ್ತಾರೆ. ಅದರಲ್ಲಿ ನನಗೇನೂ ಬೇಜಾರಿಲ್ಲ.

ಹೋದ ವರ್ಷ ಮಳೆ ಹಿಡಿದುಕೊಂಡಿದ್ದ ಒಂದು ದಿನ ಪಕ್ಕದ ಊರಿನ ಗೆಳೆಯ ಬಂದ. ಅವನು ತೋಪಖಾನೆಯವನು, ಅಂದರೆ ಫಿರಂಗಿ ದಳದವನು. 1994ರಲ್ಲಿ ಸೇರಿ 2018ರಲ್ಲಿ ಬಂದವನು. ಬಲಗಿವಿ ಹೆಚ್ಚುಕಮ್ಮಿ ಸತ್ತೇ ಹೋಗಿದೆ, ಎಡಗಿವಿ ಅರ್ಧ. ಅವನ ಜೊತೆ ಮಾತಾಡಬೇಕಾದರೆ ಎಡಗಡೆ ಕೂತು ಕೂಗಬೇಕು. ಅಂಗವೈಕಲ್ಯ ಪಿಂಚಣಿ ತಿರಸ್ಕಾರವಾದ ಪತ್ರ ತಂದಿದ್ದ. ಅದರ ಜೊತೆ ಯಾರೋ ಬರೆದುಕೊಟ್ಟ ಮೇಲ್ಮನವಿಯ ಕರಡೂ ಇತ್ತು. ‘ಇದನ್ನ ಇನ್ನೊಂದ್ಸಲ್ಪ ಸ್ಟ್ರಾಂಗ್ ಮಾಡಿಕೊಡು’ ಅಂದ.

ಓದಿದೆ. ಮೂರು ಪುಟ. ಅದರಲ್ಲಿ ‘ತ್ಯಾಗ’ ಅನ್ನೋ ಪದ ಏಳು ಸಲ ಇತ್ತು. ತಾರೀಕು ಒಂದೂ ಇರಲಿಲ್ಲ. ಲಗತ್ತು ಅಂತ ಕೊನೆಯಲ್ಲಿ ಬರೆದಿದ್ದರು, ಆಧಾರ್ ಕಾರ್ಡಿನ ಜೆರಾಕ್ಸ್!

ಈ ಪತ್ರ ನಿಮಗೆ ಬರೆಯುತ್ತಿರುವುದು ಆ ಮೂರು ಪುಟದ ಕಾರಣಕ್ಕೆ. ನಮ್ಮವರು ಮೇಲ್ಮನವಿ ಸೋಲುವುದು ಅನ್ಯಾಯ ನಡೆದಿಲ್ಲ ಅಂತಲ್ಲ. ನಡೆದದ್ದನ್ನು ತೋರಿಸುವ ಕಾಗದ ಅವರದೇ ಮನೆಯ ಟ್ರಂಕಿನಲ್ಲಿ, ಸೈನ್ಯದ್ದೇ ಕಡತದಲ್ಲಿ ಇರುತ್ತದೆ. ಅದನ್ನು ಹೊರಗೆ ತೆಗೆಯಬೇಕು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಬಿಡುಗಡೆಗೆ ಮುಂಚೆ ಕಡಿಮೆ ವೈದ್ಯಕೀಯ ಶ್ರೇಣಿಯ ಸೈನಿಕನನ್ನು ರಿಲೀಸ್ ಮೆಡಿಕಲ್ ಬೋರ್ಡ್ ಅನ್ನುವ ಸೈನ್ಯದ ವೈದ್ಯರ ಮಂಡಳಿ ನೋಡುತ್ತದೆ. ನಮ್ಮ ಬಾಯಲ್ಲಿ ಅದು ಆರ್‌ಎಂಬಿ. ಅದರ ಫಾರಂ ಎಎಫ್‌ಎಂಎಸ್‌ಎಫ್-16. ಬೋರ್ಡು ತೀರ್ಮಾನಿಸಬೇಕಾದದ್ದು ಮುಖ್ಯವಾಗಿ ಎರಡು: ಕಾಯಿಲೆಯೋ ಗಾಯವೋ ಸೇವೆಯಿಂದ ಬಂತೇ ಅಥವಾ ಸೇವೆಯಿಂದ ಹೆಚ್ಚಾಯಿತೇ, ಮತ್ತೆ ಅದು ಎಷ್ಟು ಪರ್ಸೆಂಟ್. ಬಂದದ್ದಕ್ಕೂ ಹೆಚ್ಚಾದದ್ದಕ್ಕೂ ಸೇವೆ ಕಾರಣವಲ್ಲ ಅಂದರೆ ‘ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್’. ಚಿಕ್ಕದಾಗಿ ‘ನಾನಾ’. ನನ್ನ ಗೆಳೆಯನಿಗೆ ಸಿಕ್ಕಿದ್ದೂ ಅದೇ. 20 ಪರ್ಸೆಂಟ್ ಕೊಟ್ಟಿದ್ದರು, ಅಂದರೆ ಪಿಂಚಣಿಗೆ ಬೇಕಾದ ಕನಿಷ್ಠ ಮಟ್ಟ ಮುಟ್ಟಿತ್ತು. ಆದರೆ ನಾನಾ. ಹಾಗಾಗಿ ಸೊನ್ನೆ.

ಸುಮ್ನೆ ಒಂದು ಲೆಕ್ಕ ಹೇಳುತ್ತೇನೆ. ನೂರಕ್ಕೆ ನೂರು ವೈಕಲ್ಯವಿದ್ದರೆ ಅಂಗವೈಕಲ್ಯದ ಅಂಶ ಕೊನೆಯ ಸಂಬಳದ 30 ಪರ್ಸೆಂಟ್. ಕೊನೆಯ ಸಂಬಳ 40,000 ರೂಪಾಯಿ ಅಂದುಕೊಳ್ಳಿ, ಅದು 12,000 ಆಯಿತು. 20 ಪರ್ಸೆಂಟ್ ವೈಕಲ್ಯಕ್ಕೆ ಅದರಲ್ಲಿ 2,400. ಆದರೆ 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸುವ ಪದ್ಧತಿ ಇದೆ, ಬ್ರಾಡ್ ಬ್ಯಾಂಡಿಂಗ್ ಅನ್ನುತ್ತಾರೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಿಗಬೇಕೆಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಹಾಗೆ ಸಿಕ್ಕರೆ ತಿಂಗಳಿಗೆ 6,000, ಮೇಲೆ ತುಟ್ಟಿ ಪರಿಹಾರ. ಕಾಫಿ ತೋಟದ ಕೂಲಿ ಕೊಡುವವನಿಗೆ ಇದು ಸಣ್ಣ ದುಡ್ಡಲ್ಲ. ಆದರೂ ನನ್ನ ಗೆಳೆಯನಿಗೆ ನೋವಾದದ್ದು ದುಡ್ಡಿಗಲ್ಲ. ‘ಸೇವೆಗೆ ಸಂಬಂಧವಿಲ್ಲ ಅಂದ್ರೆ ನಾನು ಮದುವೆ ಮನೇಲಿ ವಾಲಗ ಕೇಳಿ ಕಿವುಡಾದೆನಾ?’ ಅಂತ ಕೇಳಿದ.

ಮೊದಲು ಮಾಡಿದ ಕೆಲಸ, ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನದ ಗಡುವು. ಅವನ ರೆಕಾರ್ಡ್ ಆಫೀಸಿಗೆ ಬರೆದೆವು: ಸೇರುವಾಗಿನ ವೈದ್ಯಕೀಯ ಪರೀಕ್ಷೆ, ಪ್ರತಿ ಶ್ರೇಣಿ ಬದಲಾವಣೆಯ ಬೋರ್ಡು, ವಾರ್ಷಿಕ ತಪಾಸಣೆಗಳು, ಆರ್‌ಎಂಬಿಯ ಎಲ್ಲ ಪುಟಗಳು, ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು ಅನ್ನುವ ದಾಖಲೆ. ‘ನನ್ನ ಎಲ್ಲ ದಾಖಲೆ ಕೊಡಿ’ ಅಂತ ಬರೆಯಬಾರದು. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ಕ್ಲರ್ಕ್ ಆಗಿದ್ದವನಾಗಿ ಹೇಳುತ್ತೇನೆ, ‘ಎಲ್ಲ’ ಅಂತ ಕೇಳಿದವನಿಗೆ ನಾವು ಕೈಗೆ ಸಿಕ್ಕಿದ್ದು ಕಳಿಸುತ್ತಿದ್ದೆವು. ಗಡುವಿಗೆ ಎರಡು ದಿನ ಇರುವಾಗಲೇ ದಪ್ಪ ಲಕೋಟೆ ಬಂತು. ಆ ಆಫೀಸಿನವರಿಗೆ ನನ್ನ ಸಲಾಂ.

ಲಕೋಟೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1994ರ ಹಾಳೆ. ಪಿಸುಮಾತಿನ ಪರೀಕ್ಷೆ: ಬಲಗಿವಿ 600 ಸೆಂಟಿಮೀಟರ್, ಎಡಗಿವಿ 600 ಸೆಂಟಿಮೀಟರ್. ಅಂದರೆ ಇಪ್ಪತ್ತು ಅಡಿ ದೂರದಿಂದ ಪಿಸುಗುಟ್ಟಿದ್ದು ಹುಡುಗನಿಗೆ ಎರಡೂ ಕಡೆ ಕೇಳಿಸುತ್ತಿತ್ತು. 2018ರ ಹಾಳೆಯಲ್ಲಿ ಅದೇ ಬಲಗಿವಿ 150. ಎರಡೂ ಸೈನ್ಯದ ವೈದ್ಯರೇ ಬರೆದದ್ದು. ಈ ಎರಡು ಹಾಳೆಯನ್ನು ಒಂದರ ಪಕ್ಕ ಒಂದು ಇಟ್ಟೆ. ಏಳು ಸಲದ ‘ತ್ಯಾಗ’ಕ್ಕಿಂತ ಇವೇ ಗಟ್ಟಿಯಾಗಿ ಮಾತಾಡುತ್ತಿದ್ದವು.

ಆಮೇಲೆ ಆರ್‌ಎಂಬಿ ತೆರೆದೆ. ಅದರಲ್ಲಿ ಸೈನಿಕನೇ ಕೊಡಬೇಕಾದ ಹೇಳಿಕೆಯ ಭಾಗ ಒಂದಿದೆ. ಕಾಯಿಲೆಗೆ ಕಾರಣವಾದ ಅಥವಾ ಅದನ್ನು ಹೆಚ್ಚಿಸಿದ ಘಟನೆ ಸೇವೆಯಲ್ಲಿ ಏನಾದರೂ ನಡೆದಿದ್ದರೆ ವಿವರ ಕೊಡಿ ಅಂತ ಅಲ್ಲಿ ಕೇಳುತ್ತಾರೆ. ಮುಂದೆ ಟೈಪ್ ಮಾಡಿತ್ತು: ‘ನಿಲ್’, ಅಂದರೆ ಏನೂ ಇಲ್ಲ. ಅದರಾಚೆ ಕಮಾಂಡಿಂಗ್ ಆಫೀಸರ್ ಭಾಗ. ಕರ್ತವ್ಯದಲ್ಲಿ ಅಸಾಧಾರಣ ಒತ್ತಡ, ಶ್ರಮ ಇತ್ತೇ? ‘ನೋ’. ಕೆಳಗೆ ಗೆಳೆಯನ ಸಹಿ. ಇಂಗ್ಲಿಷಿನಲ್ಲಿದ್ದ ಆ ಹಾಳೆಯನ್ನು ಅವನು ಓದಿರಲೇ ಇಲ್ಲ. ‘ಕ್ಲಿಯರೆನ್ಸ್ ಓಡಾಟದಲ್ಲಿದ್ದೆ, ಕ್ಲರ್ಕ್ ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ’ ಅಂದ.

ಸಾಹೇಬರೇ, ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಅವನ ರೆಜಿಮೆಂಟಿನಲ್ಲಿ ನಾನು ಯಾವತ್ತೂ ಇರಲಿಲ್ಲ. ಅದು ನನ್ನ ಕೈ ಅಲ್ಲ. ಆದರೆ ಆ ಸಾಲು ನನ್ನದೇ. ಅದೇ ‘ನಿಲ್’, ಅದೇ ‘ನೋ’, ಅದೇ ಜಾಗ. ನಮ್ಮ ಘಟಕದಲ್ಲಿ ಒಂದು ಹಳೆಯ ಫಾರಂ ಮಾದರಿಯಾಗಿ ಇರುತ್ತಿತ್ತು. ಹೆಸರು, ನಂಬರ್, ತಾರೀಕು ಬದಲಿಸಿ ಉಳಿದದ್ದು ಹಾಗೇ ಟೈಪ್ ಮಾಡುತ್ತಿದ್ದೆ. ಮೋಸ ಮಾಡಬೇಕು ಅಂತಲ್ಲ. ಖಾಲಿ ಬಿಟ್ಟರೆ ವಾಪಸ್ ಬರುತ್ತದೆ, ಏನಾದರೂ ಬರೆದರೆ ಪ್ರಶ್ನೆ ಬರುತ್ತದೆ, ‘ನಿಲ್’ ಅಂದರೆ ಎಲ್ಲರಿಗೂ ಸಲೀಸು. ಎದುರಿಗೆ ನಿಂತವನನ್ನು ‘ನಿನ್ನ ಕಿವಿಗೆ ಏನಾಯ್ತಪ್ಪಾ?’ ಅಂತ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಎಷ್ಟು ಜನರ ‘ನಾನಾ’ ಹಿಂದೆ ನನ್ನ ‘ನಿಲ್’ ಇದೆಯೋ ನನಗೆ ಗೊತ್ತಿಲ್ಲ. ಬೋರ್ಡಿನ ವೈದ್ಯರೂ ಪಾಪ, ಎದುರಿಗಿದ್ದ ಕಾಗದ ನೋಡಿಯೇ ಬರೆದಿರುತ್ತಾರೆ ಅಲ್ವಾ?

ಬೋರ್ಡಿನ ಹಾಳೆಯಲ್ಲಿ ಕಾರಣ ಬರೆಯುವ ಜಾಗವೂ ಇದೆ. ಗೆಳೆಯನದರಲ್ಲಿ ಒಂದೇ ಸಾಲು, ಸೇವೆಗೆ ಸಂಬಂಧವಿಲ್ಲ ಅಂತ. ಯಾಕಿಲ್ಲ ಅನ್ನುವುದಿಲ್ಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹಿಡಿದದ್ದು ಇದನ್ನೇ. ಅವರು ಸೈನ್ಯದ ಸಂಪರ್ಕ ದಳ ಸಿಗ್ನಲ್ಸ್‌ನವರು, 1985ರಲ್ಲಿ ಸೇರಿ 1994ರಲ್ಲಿ ಫಿಟ್ಸ್ ಕಾಯಿಲೆಯಿಂದ ಹೊರಬಂದವರು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಸುಳಿವಿಲ್ಲ ಅಂದರೆ ಆಗ ಆರೋಗ್ಯವಾಗಿದ್ದ ಎಂದೇ ತಿಳಿಯಬೇಕು, ಸೇವೆ ಕಾರಣವಲ್ಲ ಎನ್ನುವ ಬೋರ್ಡು ಯಾಕೆ ಅಂತ ಬರೆಯಬೇಕು, ಅನುಮಾನ ಉಳಿದರೆ ಅದರ ಲಾಭ ಸೈನಿಕನಿಗೆ ಎಂದಿತು ಕೋರ್ಟು. ಆದರೆ ಇದನ್ನು ಮಂತ್ರದ ಹಾಗೆ ಎಲ್ಲರ ಅರ್ಜಿಗೂ ಅಂಟಿಸುವವರಿದ್ದಾರೆ. ಆ ತೀರ್ಪು ನಿಂತಿರುವುದು ಈ ಪಿಂಚಣಿಗೆ ಯಾರು ಅರ್ಹರು ಅನ್ನುವ 1982ರ ನಿಯಮದ ಮೇಲೆ. 2008ರ ಜನವರಿ 1ರಿಂದ ಹೊರಬಂದವರಿಗೆ 2008ರ ನಿಯಮ, 2023ರ ಸೆಪ್ಟೆಂಬರ್ 21ರಿಂದ ಹೊರಬಂದವರಿಗೆ 2023ರ ನಿಯಮ. ನೀವು ಬಿಡುಗಡೆಯಾದ ತಾರೀಕು ಯಾವ ನಿಯಮಕ್ಕೆ ಬೀಳುತ್ತದೆ ಅಂತ ಮೊದಲು ನೋಡಿಕೊಳ್ಳಿ. ತೀರ್ಪಿನ ಹೆಸರು ಆಮೇಲೆ ಬರೆಯಬಹುದು.

ಈಗ ಟ್ರಂಕಿನ ವಿಷಯ. ಗೆಳೆಯನ ಹೆಂಡತಿ ಅದನ್ನು ಅಟ್ಟದಿಂದ ಇಳಿಸಿದರು. ಬಿಳಿ ಪೇಂಟಿನಲ್ಲಿ ನಂಬರು, ಹೆಸರು. ಒಳಗೆ ನುಸಿಗುಳಿಗೆ ವಾಸನೆ, ಬೂಷ್ಟು ಹಿಡಿದ ಒಂದು ಜರ್ಸಿ, ಪ್ಲಾಸ್ಟಿಕ್ ಕವರಿನಲ್ಲಿ ಸಂಬಳದ ಚೀಟಿಗಳು. ಅವನು ಅವನ್ನು ಬಚ್ಚಲ ಒಲೆಗೆ ಹಾಕುವುದರಲ್ಲಿದ್ದನಂತೆ. ಪುಣ್ಯಕ್ಕೆ ಹಾಕಿರಲಿಲ್ಲ. ಯಾವ ತಿಂಗಳಲ್ಲಿ ಹೈ ಆಲ್ಟಿಟ್ಯೂಡ್ ಅಲವೆನ್ಸ್ ಬಂದಿದೆಯೋ ಆ ತಿಂಗಳು ಅವನು ಎತ್ತರದ ಜಾಗದಲ್ಲಿದ್ದ ಅಂತ ಸರ್ಕಾರವೇ ದುಡ್ಡು ಕೊಟ್ಟು ಒಪ್ಪಿಕೊಂಡ ಹಾಗೆ. ಸಿಯಾಚಿನ್ ಅಲವೆನ್ಸ್, ಫೀಲ್ಡ್ ಅಲವೆನ್ಸ್ ಕೂಡ ಹೀಗೆಯೇ. ಪೋಸ್ಟಿಂಗ್ ದಾಖಲೆಯಲ್ಲಿ ಬರೀ ಘಟಕದ ಹೆಸರಿದ್ದಾಗ ಈ ಚೀಟಿ ಜಾಗವನ್ನು ಹೇಳುತ್ತದೆ. ಇದು ಕ್ಲರ್ಕ್‌ಗಳಿಗೆ ಹೊಳೆಯುವಷ್ಟು ಬೇಗ ಬೇರೆಯವರಿಗೆ ಹೊಳೆಯುವುದಿಲ್ಲ.

ಅದಕ್ಕಿಂತ ದೊಡ್ಡದು ಟ್ರಂಕಿನಲ್ಲಿರಲಿಲ್ಲ. ಅವನ ಹೆಂಡತಿಯ ಬೀರುವಿನಲ್ಲಿ, ಮದುವೆ ಸೀರೆಯ ಮಡಿಕೆಯಲ್ಲಿತ್ತು. ಇನ್‌ಲ್ಯಾಂಡ್ ಪತ್ರಗಳ ಒಂದು ಕಟ್ಟು. ಕೊಡೋದಕ್ಕೆ ಅವರಿಗೆ ನಾಚಿಕೆ. ‘ಬೇರೆ ಏನೇನೋ ಬರೆದಿದ್ದಾರೆ ಅಣ್ಣಾ’ ಅಂದರು. ನೀವೇ ಓದಿ, ಕಿವಿ ಅಂತ ಎಲ್ಲಿ ಬಂದಿದೆಯೋ ಅದನ್ನಷ್ಟೇ ತೋರಿಸಿ ಅಂದೆ. ಅರ್ಧ ಗಂಟೆ ಬಿಟ್ಟು ಒಂದನ್ನು ತಂದರು. 1999ರ ಜುಲೈ. ಕಳಿಸಿದವರ ವಿಳಾಸ, ಕೇರ್ ಆಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಆಗ ಕಾರ್ಗಿಲ್ ಯುದ್ಧದ ಕೊನೆಯ ವಾರಗಳು, ಇವನು ದ್ರಾಸ್ ಕಡೆ ತೋಪಿನ ಪಕ್ಕ ಇದ್ದ. ಬೆಳೆ, ಹಸು, ಮಗುವಿನ ಹಲ್ಲು ಎಲ್ಲ ವಿಚಾರಿಸಿ, ಕೊನೆಗೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದ: ರಾತ್ರಿ ಮಲಗಿದರೆ ಬಲಗಿವಿಯಲ್ಲಿ ನಮ್ಮ ತೋಟದ ಜೀರುಂಡೆ ಕೂಗಿದ ಹಾಗೆ ಆಗುತ್ತದೆ, ನಿಲ್ಲೋದೇ ಇಲ್ಲ, ಅಮ್ಮನಿಗೆ ಹೇಳಬೇಡ.

ಒಬ್ಬ ಸೈನಿಕ ಪಿಂಚಣಿಯ ಆಸೆಗೆ ಹತ್ತೊಂಬತ್ತು ವರ್ಷ ಮುಂಚೆ ಹೆಂಡತಿಗೆ ಸುಳ್ಳು ಬರೆಯುವುದಿಲ್ಲ. ಮೇಲೆ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಇದೆ, ತಾರೀಕು ಇದೆ. ಕನ್ನಡದಲ್ಲಿ ಇದ್ದದ್ದನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿ ಸಹಿ ಹಾಕಿಸಿ, ಮೂಲದ ನಕಲು ಜೊತೆಗಿಟ್ಟೆವು. ಮೂಲ ಪತ್ರ ಬೀರುವಿಗೇ ವಾಪಸ್ ಹೋಯಿತು. ಸಂಗಾತಿಗಳೇ, ಮೂಲ ಕಾಗದ ಯಾವತ್ತೂ ಕಳಿಸಬೇಡಿ. ಲ್ಯಾಮಿನೇಷನ್ ಕೂಡ ಮಾಡಿಸಬೇಡಿ. ಹಳೆ ಶಾಯಿ ಆ ಬಿಸಿಗೆ ಹಾರಿಹೋದದ್ದನ್ನು ನೋಡಿದ್ದೇನೆ. ಇಸಿಜಿ ಥರದ ಹೊಳೆಯುವ ಕಾಗದ ಇದ್ದರೆ ಇವತ್ತೇ ಜೆರಾಕ್ಸ್ ಮಾಡಿಸಿ, ಇನ್ನೆರಡು ಮಳೆಗಾಲದಲ್ಲಿ ಅದು ಬರೀ ಬಿಳಿ ಹಾಳೆ.

ಜೊತೆಯಲ್ಲಿದ್ದವರ ಹೇಳಿಕೆಯ ಬಗ್ಗೆ ಒಂದು ಮಾತು. ‘ಇವರು ಒಳ್ಳೆಯ ಸೈನಿಕರು, ಇವರಿಗೆ ಪಿಂಚಣಿ ಕೊಡಬೇಕು’ ಅಂತ ಬರೆಸಿಕೊಂಡು ಬರುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ. ಅದೇ ತೋಪಿನ ಮೇಲಿದ್ದ ಒಬ್ಬರನ್ನು ಹುಡುಕಿದೆವು, ಈಗ ಕೊಲ್ಲಾಪುರ ಕಡೆ ಇದ್ದಾರೆ. ತಮ್ಮ ನಂಬರ್, ರ‍್ಯಾಂಕ್, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಒಟ್ಟಿಗಿದ್ದರು, ತೋಪಿನಿಂದ ಎಷ್ಟು ಹೆಜ್ಜೆ ದೂರದಲ್ಲಿ ಇವನ ಜಾಗ, ಕಿವಿಗೆ ಏನು ಇಟ್ಟುಕೊಳ್ಳುತ್ತಿದ್ದರು, ಕಿವಿನೋವು ಅಂತ ಇವನು ರೆಜಿಮೆಂಟಿನ ನರ್ಸಿಂಗ್ ಅಸಿಸ್ಟೆಂಟ್ ಹತ್ತಿರ ಹೋದದ್ದು, ಇಷ್ಟನ್ನು ಕಣ್ಣಾರೆ ಕಂಡಂತೆ ಪ್ರಮಾಣಪತ್ರದಲ್ಲಿ ಬರೆದರು. ಒಂದೂವರೆ ಪುಟ. ಕಿವಿಗೆ ಇಟ್ಟುಕೊಳ್ಳುತ್ತಿದ್ದದ್ದು ಹತ್ತಿ, ಕೆಲವೊಮ್ಮೆ ರೈಫಲ್ ಒರೆಸುವ ಬಟ್ಟೆಯ ಚೂರು.

ವೈದ್ಯರ ಅಭಿಪ್ರಾಯವೂ ಹಾಗೇ. ಊರಿನ ಕಿವಿ ಡಾಕ್ಟರು ‘ಶ್ರವಣ ದೋಷವಿದೆ’ ಅಂತ ಒಂದು ಸಾಲು ಬರೆದುಕೊಟ್ಟಿದ್ದರು. ದೋಷ ಇದೆ ಅಂತ ಸೈನ್ಯವೇ ಒಪ್ಪಿದೆಯಲ್ಲ! ಜಗಳ ಇರುವುದು ಯಾವಾಗಿನಿಂದ, ಯಾಕೆ ಅನ್ನುವುದರ ಬಗ್ಗೆ. ಆದ್ದರಿಂದ ಲಕೋಟೆಯಲ್ಲಿ ಬಂದ ಹಳೆಯ ಹಾಳೆಗಳನ್ನೆಲ್ಲ ಅವರ ಮೇಜಿನ ಮೇಲಿಟ್ಟು, ಇವನ್ನು ಓದಿ ಕಾರಣ ಸಮೇತ ಬರೆದುಕೊಡಿ ಅಂತ ಕೇಳಿಕೊಂಡೆವು. ಅವರು ಶ್ರವಣ ಪರೀಕ್ಷೆಯ ಗೆರೆಚಿತ್ರ ಆಡಿಯೋಗ್ರಾಂ ನೋಡಿ, ದೊಡ್ಡ ಸದ್ದಿನಿಂದಾದ ಹಾನಿಯಲ್ಲಿ ಗೆರೆ ಎತ್ತರದ ಸ್ವರಗಳ ಕಡೆ ಹೇಗೆ ಕುಸಿಯುತ್ತದೆ ಅಂತ ನಮಗೇ ಬೆರಳಿಟ್ಟು ತೋರಿಸಿದರು. ಫೀಸು ತೆಗೆದುಕೊಳ್ಳಲಿಲ್ಲ.

ಇನ್ನು ಕಾಲದ ವಿಷಯ, ಇದು ನನಗೆ ಜಾಸ್ತಿ ಭಯ ಹುಟ್ಟಿಸುವುದು. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹೋಗಬೇಕು. ಅದೂ ಬಿದ್ದರೆ ಎರಡನೆಯದು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯಿಂದ ಬಂದದ್ದು, ಕರ್ನಾಟಕದವರಿಗೆ ಕೊಚ್ಚಿಯ ಪೀಠ. ಗೆಳೆಯ ಆರು ತಿಂಗಳಲ್ಲ, ಏಳು ವರ್ಷ ಸುಮ್ಮನಿದ್ದ. ಹಾಗಂತ ಎಲ್ಲ ಮುಗಿಯಿತು ಅಂತಲ್ಲ. ಪಿಂಚಣಿ ಪ್ರತಿ ತಿಂಗಳೂ ತಪ್ಪುತ್ತಿರುವ ಬಾಕಿ, ತಡವಾಗಿ ಬಂದರೂ ಕೇಳಬಹುದು, ಆದರೆ ಹಿಂಬಾಕಿ ಅರ್ಜಿಗೆ ಹಿಂದಿನ ಮೂರು ವರ್ಷದ್ದಷ್ಟೇ ಅಂತ 2008ರಲ್ಲಿ ತರ್ಸೆಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆತ 1983ರಲ್ಲಿ ಹೊರಬಿದ್ದು 1999ರಲ್ಲಿ ಕೋರ್ಟಿಗೆ ಹೋದವರು. ದುಡ್ಡು ಹೋದರೆ ಹೋಗಲಿ. ಕಾಗದ ಹೋದರೆ? 2008ರ ನಿಯಮದಲ್ಲಿ ಒಂದು ಮಾತಿದೆ. ಸಾಮಾನ್ಯವಾಗಿ ಸೈನಿಕ ತಾನೇ ರುಜುವಾತು ಮಾಡಬೇಕಾಗಿಲ್ಲ. ಆದರೆ ಬಿಡುಗಡೆಯಾಗಿ 15 ವರ್ಷ ದಾಟಿ, ದಾಖಲೆಗಳು ನಾಶವಾದ ಮೇಲೆ ಬಂದರೆ ಹೊರೆ ಅವನ ತಲೆ ಮೇಲೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಇಲ್ಲಿ ಬಾಯಿ ನಡೆಯುವುದಿಲ್ಲ ಸ್ವಾಮಿ. 2010ರಲ್ಲಿ ಬಂದವರಿಗೆ ಆ 15 ವರ್ಷ ಆಗಲೇ ಮುಗಿಯಿತು.

ನಿಮ್ಮಲ್ಲಿ ನನ್ನ ಕೇಳಿಕೆ ದೊಡ್ಡದಲ್ಲ. ಪಿಂಚಣಿ ಕೊಡುವುದು ಕೇಂದ್ರದ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ, ಅದು ಗೊತ್ತು. 2025ರ ಜುಲೈ 26ರಂದು, ಕಾರ್ಗಿಲ್ ದಿನವೇ, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ವೀರ ಪರಿವಾರ ಸಹಾಯತಾ ಯೋಜನೆ ಶುರು ಮಾಡಿದೆ. ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಕಾನೂನು ನೆರವಿನ ಕೇಂದ್ರ ಇರಬೇಕು ಅನ್ನುವುದು ಅದರ ಉದ್ದೇಶ. ಬಹಳ ಒಳ್ಳೆಯದು. ಆದರೆ ವಕೀಲರ ಮುಂದೆ ಇಡಲು ಕಾಗದ ಬೇಕಲ್ಲ? ಆ ವಕೀಲರ ಮೇಜಿನ ಪಕ್ಕದಲ್ಲೇ ಇನ್ನೊಂದು ಕುರ್ಚಿ ಹಾಕಿಸಿ. ವಾರಕ್ಕೆ ಒಂದು ದಿನ ಸಾಕು. ಅದರಲ್ಲಿ ನನ್ನಂಥ ಒಬ್ಬ ನಿವೃತ್ತ ಕ್ಲರ್ಕ್ ಕೂರಲಿ. ಜಿಲ್ಲೆಗೆ ಒಬ್ಬರಾದರೂ ಸಿಗುತ್ತಾರೆ, ಸಂಬಳ ಕೇಳುವುದಿಲ್ಲ, ಬಸ್ ಚಾರ್ಜು ಕೊಟ್ಟರೆ ಬೇಡ ಅನ್ನುವುದೂ ಇಲ್ಲ. ಬಂದವನ ಆರ್‌ಎಂಬಿಯನ್ನು ಅವನ ಎದುರಿಗೇ ಕನ್ನಡದಲ್ಲಿ ಓದಿ ಹೇಳುವುದು, ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುವುದು, ಯಾವ ಹಾಳೆ ಇನ್ನೂ ಬರಬೇಕು ಅಂತ ಗುರುತು ಹಾಕಿಕೊಡುವುದು, ಇಷ್ಟೇ ಕೆಲಸ. ಸಿಗುವ ದುಡ್ಡಿನಲ್ಲಿ ಪರ್ಸೆಂಟೇಜ್ ಕೇಳುವವರ ಹತ್ತಿರ ಹೋಗುವುದು ಅದರಿಂದಲೇ ಅರ್ಧ ತಪ್ಪುತ್ತದೆ.

ಇನ್ನೊಂದು. ನಿವೃತ್ತಿಗೆ ಆರು ತಿಂಗಳು ಇರುವ ಹುಡುಗರು ರಜೆಗೆ ಊರಿಗೆ ಬರುತ್ತಾರೆ. ಅವರ ಕೈಗೆ ಒಂದು ಪುಟದ ಕನ್ನಡ ಚೀಟಿ ಕೊಡಿ. ಆರ್‌ಎಂಬಿಯಲ್ಲಿ ನಿನ್ನ ಹೇಳಿಕೆ ಅಂತ ಒಂದು ಭಾಗ ಇದೆ, ಅದನ್ನು ನೀನೇ ಬರೆ, ತಾರೀಕು ಹಾಕಿ ಬರೆ, ಓದದೆ ಸಹಿ ಹಾಕಬೇಡ ಅಂತ. ಬೇಕಾದರೆ ಅದನ್ನು ನಾನೇ ಟೈಪ್ ಮಾಡಿಕೊಡುತ್ತೇನೆ. ನನಗೂ ಅದು ಬಾಕಿ ತೀರಿಸಿದ ಹಾಗೆ.

ಗೆಳೆಯನ ಮೇಲ್ಮನವಿ ಸ್ಪೀಡ್ ಪೋಸ್ಟಿನಲ್ಲಿ ಹೋಗಿ ನಾಲ್ಕು ತಿಂಗಳಾಯಿತು. ತಡವಾದದ್ದಕ್ಕೆ ಕಾರಣ ಒಂದು ಪ್ಯಾರಾ, ಒಟ್ಟು ಎರಡು ಪುಟ, ಲಗತ್ತು ಮೂವತ್ತೊಂದು. ಉತ್ತರ ಬಂದಿಲ್ಲ. ಆರು ತಿಂಗಳು ನೋಡಿ ನ್ಯಾಯಮಂಡಳಿಯ ಪೀಠಕ್ಕೆ ಹೋಗುವುದು ಅಂತ ಮಾತಾಗಿದೆ. ನಿನ್ನೆ ಸಂಜೆ ಅವನ ಹೆಂಡತಿಯ ಫೋನು ಬಂತು. ಕಟ್ಟಿನಲ್ಲಿ ಇನ್ನೊಂದು ಪತ್ರ ಸಿಕ್ಕಿದೆಯಂತೆ, ಅದರಲ್ಲೂ ಜೀರುಂಡೆಯ ಮಾತಿದೆಯಂತೆ, ಆದರೆ ಮೇಲ್ಗಡೆ ಹರಿದುಹೋಗಿದೆ. ಪೋಸ್ಟಿನ ಮುದ್ರೆಯಲ್ಲಿ ತಾರೀಕು ಕಾಣುತ್ತಿದೆಯಾ ಅಂತ ಕೇಳಿದೆ.

‘ಇರಿ ಅಣ್ಣಾ, ಕನ್ನಡಕ ಹುಡುಕ್ತೀನಿ’ ಅಂದರು.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್ ಕ್ಲರ್ಕ್
ಸೋಮವಾರಪೇಟೆ ತಾಲ್ಲೂಕು, ಕೊಡಗು